ಹುರಿದ ಸೋಡಾ, ಉಳಿದ ಸಾಬೂನಿನ ಚೂರು: ನನ್ನ ಅನುಭವ

ವಾಷಿಂಗ್ ಸೋಡಾದ ಹರಳು ನನಗೆ ಸಿಗದಂತಾಗಿ ಏಳೆಂಟು ವರ್ಷಗಳಾಗಿರಬೇಕು. ಮೊದಲು ಬಟ್ಟೆಗೆ ಹಾಕುವ ನೀಲಿಯ ಪುಡಿ ಕಾಣೆಯಾಯಿತು, ಆಮೇಲೆ ಗಂಜಿಯ ಪುಡಿ, ಕೊನೆಗೆ ಸೋಡಾ. ಹೋಗಿ ಕೇಳಿದಾಗಲೆಲ್ಲ "ಈಗ ಅದನ್ನು ಯಾರು ಕೊಳ್ಳುತ್ತಾರೆ?" ಎಂಬ ಪ್ರಶ್ನೆಯೇ ಉತ್ತರವಾಗಿ ಬರುತ್ತಿತ್ತು. ಕೊಳ್ಳುವವಳು ಎದುರಿಗೇ ನಿಂತಿದ್ದರೂ ಆ ಮಾತಿಗೆ ಬೆಲೆಯಿರಲಿಲ್ಲ. ಸೋಡಾ, ಸಾಬೂನು, ನೀಲಿ ಈ ಮೂರರಲ್ಲೇ ಮನೆಯ ಬಟ್ಟೆಯನ್ನೆಲ್ಲ ಒಗೆಯುತ್ತೇನೆಂದು ನಾನು ಹೊರಟಾಗ ಮನೆಯಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ಈಗ ನಾಲ್ಕನೆಯ ವರ್ಷ ನಡೆಯುತ್ತಿದೆ, ಪದ್ಧತಿ ನೆಲೆಗೆ ನಿಂತಿದೆ. ಇದೇ ದಾರಿಯಲ್ಲಿ ಕೈಸುಟ್ಟುಕೊಂಡು ಬಿಟ್ಟವರಿಗೆ ನನ್ನ ತಪ್ಪುಗಳ ಲೆಕ್ಕ ನೆರವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಈ ಸಾಮಾನುಗಳು ಮರೆಯಾದುದಕ್ಕೆ ಕಾರಣ ಒಂದೇ ಅಲ್ಲ. ಗಡಸು ನೀರಿನಲ್ಲಿಯೂ ನೊರೆ ಕೊಡುವ ಡಿಟರ್ಜೆಂಟ್ ಪುಡಿಗಳು ಎರಡನೆಯ ಮಹಾಯುದ್ಧದ ನಂತರ ಮನೆಮನೆಗೂ ಬಂದವು. ಅವುಗಳಲ್ಲಿ ಅನೇಕವಕ್ಕೆ ಸೋಡಾವನ್ನು ಮೊದಲೇ ಬೆರೆಸಿರುವುದರಿಂದ ಅದನ್ನು ಬೇರೆಯಾಗಿ ಕೊಳ್ಳುವ ಅಗತ್ಯ ಕಡಿಮೆಯಾಯಿತು. ಹೊಳಪು ಕೊಡುವ ರಾಸಾಯನಿಕಗಳು ಪುಡಿಯೊಳಗೇ ಸೇರಿದ್ದರಿಂದ ನೀಲಿ ಹೋಯಿತು, ಇಸ್ತ್ರಿ ಬೇಡದ ಬಟ್ಟೆಗಳು ಬಂದದ್ದರಿಂದ ಗಂಜಿ ಹೋಯಿತು. ಯಾವುದೂ ಕೆಟ್ಟದ್ದೆಂದು ಹೋದುದಲ್ಲ. ಸೋಡಾದ ಗುಣವಂತೂ ಇಂದಿಗೂ ಅದೇ ಆಗಿದೆ, ಅದನ್ನು ಒಂದು ಹೊಳೆಯುವ ಡಬ್ಬಿಯೊಳಗೆ ಇತರ ಪದಾರ್ಥಗಳ ಜೊತೆಗೆ ಹೆಚ್ಚಿನ ಬೆಲೆಗೆ ಕೊಳ್ಳುತ್ತಿದ್ದೇವೆ, ಅಷ್ಟೇ.

ಅಡುಗೆ ಸೋಡಾವನ್ನು ಕಾಯಿಸಿದರೆ ವಾಷಿಂಗ್ ಸೋಡಾ ಆಗುತ್ತದೆ ಎಂಬುದು ನಿಮಗೆಲ್ಲ ತಿಳಿದದ್ದೇ. ನನಗೂ ತಿಳಿದಿತ್ತು, ಆದರೆ ಮೊದಲ ಆರು ತಿಂಗಳು ನಾನು ಮಾಡಿದ್ದು ವಾಷಿಂಗ್ ಸೋಡಾ ಆಗಿರಲಿಲ್ಲ. ಒಂದು ಕಿಲೋ ಪುಡಿಯನ್ನು ಆಳವಾದ ತಟ್ಟೆಯಲ್ಲಿ ನಾಲ್ಕು ಬೆರಳು ದಪ್ಪ ಸುರಿದು, ಒಲೆಗೂಡಿನಲ್ಲಿ (ಓವನ್ನಿನಲ್ಲಿ) ಅರ್ಧ ಗಂಟೆ ಇಟ್ಟು, ಬಿಸಿಯಾಯಿತು ಎಂದು ಹೊರತೆಗೆಯುತ್ತಿದ್ದೆ. ಮೇಲಿನ ಪದರ ಬದಲಾಗಿರುತ್ತಿತ್ತು, ಒಳಗಿನದು ಅಡುಗೆ ಸೋಡಾವಾಗಿಯೇ ಉಳಿದಿರುತ್ತಿತ್ತು. ಕಾಲರಿನ ಕೊಳೆ ಅಲ್ಲಾಡಲಿಲ್ಲ. "ಅಕ್ಕಾ, ಅಡುಗೆ ಸೋಡಾವನ್ನು ಎಷ್ಟು ಹುರಿದರೂ ಅದು ಅಡುಗೆ ಸೋಡಾವೇ, ಖರ್ಚಾಗುವುದು ನಿನ್ನ ಗ್ಯಾಸ್ ಮಾತ್ರ" ಎಂದು ನನ್ನ ತಮ್ಮ ಹೇಳಿದ, ಆ ದಿನದ ಮಟ್ಟಿಗೆ ಅವನ ಮಾತು ಸುಳ್ಳೂ ಆಗಿರಲಿಲ್ಲ.

ಕೆಲಸ ಕೆಡುತ್ತಿದ್ದುದು ಎಲ್ಲಿ ಎಂದು ತೋರಿಸಿಕೊಟ್ಟದ್ದು ತಕ್ಕಡಿ. ಅಡುಗೆ ಸೋಡಾ ಪೂರ್ತಿಯಾಗಿ ಬದಲಾದರೆ ಅದರಿಂದ ನೀರಿನ ಆವಿಯೂ ಇಂಗಾಲದ ಡೈಆಕ್ಸೈಡೂ ಹೊರಟುಹೋಗಿ, 1000 ಗ್ರಾಂ ಇದ್ದದ್ದು 630 ಗ್ರಾಂನ ಹತ್ತಿರಕ್ಕೆ ಇಳಿಯಬೇಕು. ನನ್ನ ಮೊದಲಿನ ಪಾಕಗಳಲ್ಲಿ ಒಂದನ್ನು ತೂಗಿದಾಗ 800ರ ಆಸುಪಾಸಿನಲ್ಲಿತ್ತು, ಅಂದರೆ ಅರ್ಧದಷ್ಟು ಮಾತ್ರ ಆಗಿತ್ತು. ಅಂದಿನಿಂದ ತೂಗದೆ ಒಂದು ಪಾಕವನ್ನೂ ಡಬ್ಬಿಗೆ ತುಂಬಿಲ್ಲ. ಈಗ ನಾನು ಒಲೆಗೂಡನ್ನು ಬಿಟ್ಟು ದಪ್ಪ ತಳದ ಉಕ್ಕಿನ ಬಾಣಲೆಯನ್ನು ಹಿಡಿದಿದ್ದೇನೆ. ಪುಡಿ ಒಂದು ಬೆರಳಿಗಿಂತ ದಪ್ಪ ಇರಬಾರದು, ಉರಿ ಮಧ್ಯಮವಾಗಿರಬೇಕು, ಸೌಟು ನಿಲ್ಲಬಾರದು. ಕಾವು 100 ಡಿಗ್ರಿ ದಾಟಿದ ಮೇಲೆ ಒಣ ಪುಡಿಯೇ ನೀರಿನಂತೆ ಕುದಿಯತೊಡಗುತ್ತದೆ, ಅಲ್ಲಲ್ಲಿ ಸಣ್ಣ ಬುಗ್ಗೆಗಳೆದ್ದು, ಸೌಟು ಆಡಿಸಿದರೆ ಹರಿಯುತ್ತದೆ. ಆ ಕುದಿ ಪೂರ್ತಿ ಅಡಗಿ, ಪುಡಿ ಮಂಕಾಗಿ, ಸೌಟಿಗೆ ಭಾರವಾಗಿ ತಾಗಿದಾಗ ಇಳಿಸಬೇಕು. ಒಂದು ಸಲಕ್ಕೆ ಅರ್ಧ ಕಿಲೋ, ಸುಮಾರು ಇಪ್ಪತ್ತೈದು ನಿಮಿಷ. ಕಿಟಕಿ ತೆರೆದಿರಲಿ, ಹಾರುವ ಪುಡಿ ಮೂಗು ಗಂಟಲುಗಳನ್ನು ಸುಡುವುದರಿಂದ ಮುಖಕ್ಕೆ ಬಟ್ಟೆ ಇರಲಿ. ಬಾಣಲೆ ಅಲ್ಯೂಮಿನಿಯಮ್ಮಿನದಾಗಿರಲೇಬಾರದು. ಸೋಡಾದ ಬಿಸಿನೀರನ್ನು ಅಲ್ಯೂಮಿನಿಯಮ್ ಪಾತ್ರೆಯಲ್ಲಿ ಒಮ್ಮೆ ಇಟ್ಟು ನಾನು ಆ ಪಾತ್ರೆಯನ್ನು ಕಳೆದುಕೊಂಡೆ. ಅದು ನೊರೆಯುಕ್ಕಿ ಕಪ್ಪಗಾಗಿ ಮೈಯೆಲ್ಲ ತೂತು ಬಿದ್ದಂತಾಯಿತು. ಆ ಪಾತ್ರೆಯ ಬೆಲೆ ಮೂರು ತಿಂಗಳ ಉಳಿತಾಯಕ್ಕಿಂತ ಹೆಚ್ಚಾಗಿತ್ತು.

ತೂಕದಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಗಾಳಿಗೆ ಹೋಗುವುದು ನಷ್ಟವಲ್ಲವೇ ಎಂದು ಕೇಳಿದವರಿಗೆ ನನ್ನ ಉತ್ತರ ಸಿದ್ಧವಿದೆ. ಹಳೆಯ ಹರಳು ಸೋಡಾದ ತೂಕದಲ್ಲಿ ಶೇಕಡ 63ರಷ್ಟು ಬರಿಯ ನೀರು, ನಿಜವಾದ ಸೋಡಾ ಶೇಕಡ 37 ಮಾತ್ರ. ನನ್ನ 630 ಗ್ರಾಂ ಹುರಿದ ಪುಡಿಯಲ್ಲಿ ನೀರೇ ಇಲ್ಲದ್ದರಿಂದ ಅದು 1 ಕಿಲೋ 700 ಗ್ರಾಂ ಹರಳಿನ ಕೆಲಸ ಮಾಡುತ್ತದೆ. ಈ ಲೆಕ್ಕವನ್ನು ಹೇಳಿದ ದಿನ ತಮ್ಮ ಸುಮ್ಮನಾದ, ಮರುವಾರ ಅವನೇ ಒಂದು ಡಬ್ಬಿ ಕೇಳಿ ಒಯ್ದ. ಆದರೆ ಹಳೆಯ ಅಳತೆಯ ಚಮಚವನ್ನೇ ಬಳಸಿದರೆ ಸೋಡಾ ಮಿತಿಮೀರುತ್ತದೆ ಎಂಬುದನ್ನು ಅವನಿಗೆ ಹೇಳಲು ನಾನು ಮರೆತಿದ್ದೆ, ಅವನ ಕೈ ಒಂದು ವಾರ ಬಿರಿದಿತ್ತು. 20 ಲೀಟರ್ ನೀರಿಗೆ 30 ಗ್ರಾಂ ಸಾಕು, ಕೈಗೆ ರಬ್ಬರ್ ಗವಸು ಬೇಕು, ಉಣ್ಣೆ ಮತ್ತು ರೇಷ್ಮೆಗೆ ಸೋಡಾ ಸೋಕಿಸಲೇಬಾರದು. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಗಾಳಿಯ ತೇವವನ್ನು ಹೀರಿ ಪುಡಿ ಕಲ್ಲಿನಂತಾಗುತ್ತದೆ.

ಸಾಬೂನಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸವೆದ ಚೂರುಗಳನ್ನು ಕೂಡಿಟ್ಟು, ತುರಿದು, ಹತ್ತು ಪಾಲು ಬಿಸಿನೀರಿನಲ್ಲಿ ಕರಗಿಸಿ ಲೋಳೆ ಮಾಡುವುದು ಎಲ್ಲರೂ ಬಲ್ಲ ಕೆಲಸ. ಒಂದು ಎಚ್ಚರಿಕೆ ಮಾತ್ರ ಬೇಕು. ಈಗ ಸಾಬೂನಿನ ಆಕಾರದಲ್ಲಿ ಬರುವ ಬಿಲ್ಲೆಗಳಲ್ಲಿ ಹಲವು ಸಾಬೂನಲ್ಲ, ಡಿಟರ್ಜೆಂಟ್. ಅವುಗಳ ಚೂರು ಸೇರಿದ ಪಾತ್ರೆಯಲ್ಲಿ ಲೋಳೆ ಕಟ್ಟದೆ ತಳದಲ್ಲಿ ಮರಳಿನಂಥ ಪುಡಿ ನಿಂತಿತ್ತು. ಅನುಮಾನವಿದ್ದರೆ ಒಂದು ಚೂರನ್ನು ನೀರಿನಲ್ಲಿ ಕರಗಿಸಿ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ, ನಿಜವಾದ ಸಾಬೂನಾದರೆ ನೀರು ಹಾಲಿನಂತೆ ಒಡೆದು ಜಿಡ್ಡು ಮೇಲೆ ತೇಲುತ್ತದೆ. ಹೊಸ ಸಾಬೂನನ್ನು ಹೊದಿಕೆ ಬಿಚ್ಚಿ ಎರಡು ತಿಂಗಳು ಗಾಳಿಗೆ ಒಣಗಿಸಿ ಬಳಸುವ ಹಳೆಯ ರೂಢಿಯನ್ನೂ ನಾನು ಮರಳಿ ತಂದಿದ್ದೇನೆ. ಒಣಗಿದ ಬಿಲ್ಲೆ ಹಸಿಯದಕ್ಕಿಂತ ಏಳೆಂಟು ದಿನ ಹೆಚ್ಚು ಬಾಳುತ್ತದೆ ಎಂಬುದು ನನ್ನ ಅಂದಾಜು. ಲೋಳೆ ಗಡ್ಡೆಕಟ್ಟದಂತೆ ಇಡುವುದಕ್ಕೆ ನಾನು ಇನ್ನೊಂದು ಪದಾರ್ಥವನ್ನು ಸೇರಿಸುತ್ತೇನೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು, ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ನನ್ನನ್ನು ನಿಜವಾಗಿ ಸೋಲಿಸಿದ್ದು ಟವೆಲ್ಲುಗಳು. ಎರಡು ತಿಂಗಳಲ್ಲಿ ಅವು ಹಲಗೆಯಂತೆ ಬಿರುಸಾದವು, ಬೂದುಬಣ್ಣಕ್ಕೆ ತಿರುಗಿದವು, ಮೈ ಒರೆಸಿದರೆ ನೀರನ್ನು ಹೀರದೆ ಅತ್ತಿಂದಿತ್ತ ತಳ್ಳತೊಡಗಿದವು. ಸಾಬೂನು ಸಾಲದೇನೋ ಎಂದು ಇನ್ನಷ್ಟು ಹಾಕಿದೆ, ಇನ್ನಷ್ಟು ಕೆಟ್ಟವು. ಅತ್ತೆಯವರು ಒಂದು ಮಾತನ್ನೂ ಆಡದೆ ತಮ್ಮ ಟವೆಲ್ಲನ್ನು ಬೇರೆಯಾಗಿ, ಅಂಗಡಿಯ ಪುಡಿಯಲ್ಲಿ ಒಗೆದುಕೊಳ್ಳತೊಡಗಿದರು. ಅವರು ಗದರಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಗಡಸು ನೀರಿನಲ್ಲಿರುವ ಸುಣ್ಣದ ಅಂಶಕ್ಕೂ ಸಾಬೂನಿಗೂ ಕೂಡಿದರೆ ಅಂಟಾದ ಗಸಿ ಹುಟ್ಟುತ್ತದೆ, ಅದು ಎಳೆಎಳೆಗೂ ಹತ್ತಿಕೊಳ್ಳುತ್ತದೆ. ಸೋಡಾವನ್ನೂ ಸಾಬೂನನ್ನೂ ಒಟ್ಟಿಗೇ ಹಾಕುತ್ತಿದ್ದ ನಾನು, ಸೋಡಾ ಸುಣ್ಣವನ್ನು ಹಿಡಿದು ಕೆಳಗಿಳಿಸುವ ಮೊದಲೇ ಸಾಬೂನನ್ನು ಅದರ ಬಾಯಿಗೆ ಕೊಡುತ್ತಿದ್ದೆ.

ಹಾಗಾಗಿ ಕ್ರಮವನ್ನು ಬದಲಿಸಿದೆ. ಮೊದಲು ಉಗುರುಬೆಚ್ಚಗಿನ ನೀರಿಗೆ ಸೋಡಾ, ಕಾಲು ಗಂಟೆಯ ವಿರಾಮ, ಆಮೇಲೆ ಸಾಬೂನಿನ ಲೋಳೆ, ಕೊನೆಯಲ್ಲಿ ಬಟ್ಟೆ. ಇದರಿಂದ ಮುಕ್ಕಾಲು ಪಾಲು ತೊಂದರೆ ಕಳೆಯಿತು. ಬಿಳಿಯ ಬಟ್ಟೆಗಳಿಗೆ ಅಷ್ಟೂ ಸಾಲದೆ, ರಾತ್ರಿಯೇ ಪೀಪಾಯಿಯ ನೀರಿಗೆ ಸೋಡಾ ಕದಡಿಟ್ಟು, ಬೆಳಿಗ್ಗೆ ತಳದಲ್ಲಿ ನಿಂತ ಬಿಳಿಯ ಗಸಿಯನ್ನು ಕದಡದೆ ಮೇಲಿನ ತಿಳಿನೀರನ್ನು ಮಾತ್ರ ಬಗ್ಗಿಸಿಕೊಳ್ಳುತ್ತೇನೆ. ಹಳೆಯ ಟವೆಲ್ಲುಗಳಲ್ಲಿ ಕೂತಿದ್ದ ಗಸಿಯನ್ನು ಬಿಡಿಸಲು ವಿನೆಗರ್ ಬಳಸಿದೆ, ಅಲ್ಲಿಯೂ ಒಮ್ಮೆ ಎಡವಿದೆ. ಸಾಬೂನಿನ ನೀರು ಇನ್ನೂ ಇರುವಾಗಲೇ ವಿನೆಗರ್ ಸುರಿದದ್ದರಿಂದ ಸಾಬೂನು ಒಡೆದು ಮತ್ತೆ ಕೊಬ್ಬಾಗಿ, ಟವೆಲ್ಲುಗಳೆಲ್ಲ ಮೇಣ ಹಚ್ಚಿದಂತಾದವು. ಅವನ್ನು ಬಿಸಿ ಸೋಡಾನೀರಿನಲ್ಲಿ ಮೂರು ಸಲ ನೆನೆಹಾಕಿ ಉಳಿಸಿಕೊಂಡೆ. ಎರಡು ಸಲ ಚೆನ್ನಾಗಿ ಜಾಲಾಡಿಸಿದ ಮೇಲೆ, ಕೊನೆಯ ನೀರಿಗೆ ಮಾತ್ರ ಅರ್ಧ ಲೋಟ ವಿನೆಗರ್ ಹಾಕಬೇಕು, ಅದೂ ತಿಂಗಳಿಗೊಮ್ಮೆ ಸಾಕು. ಅತ್ತೆಯವರ ಟವೆಲ್ ಈಗ ನಮ್ಮ ಬಟ್ಟೆಗಳ ಜೊತೆಯಲ್ಲೇ ಬೀಳುತ್ತದೆ.

ಇಷ್ಟಾದರೂ ಬಿಳಿಯ ಬಟ್ಟೆ ಹಳದಿಯಾಗಿದೆ ಎಂಬ ಆಕ್ಷೇಪ ಉಳಿಯಿತು. ಅದನ್ನು ಪರೀಕ್ಷಿಸಲು ನೋಟು ನೋಡುವ ನೇರಳಾತೀತ ಟಾರ್ಚನ್ನು ತಂದೆ. ಕತ್ತಲೆಯಲ್ಲಿ ಹಿಡಿದರೆ, ಪುಡಿಯಲ್ಲಿ ಒಗೆದ ಅಂಗಿ ನೀಲಿಯಾಗಿ ಬೆಳಗಿತು, ನಾನು ಒಂದು ವರ್ಷ ಒಗೆದ ಅಂಗಿ ಅದರ ಮುಂದೆ ಮಂಕಾಗಿ ಕಂಡಿತು. ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಹೊರಸೂಸುವ ಹೊಳಪಿನ ರಾಸಾಯನಿಕ ಒಂದರಲ್ಲಿ ಉಳಿದಿದೆ, ಇನ್ನೊಂದರಲ್ಲಿ ತೊಳೆದುಹೋಗಿದೆ. ಎರಡೂ ಅಂಗಿಗಳು ಸಮನಾಗಿ ಸ್ವಚ್ಛವಾಗಿದ್ದವು ಎಂಬುದು ನನ್ನ ಖಚಿತ ಅಭಿಪ್ರಾಯ, ಆದರೂ ಕಣ್ಣಿಗೆ ಕಾಣುವ ಹಳದಿಗೆ ಮದ್ದು ಬೇಕಿತ್ತು. ಹೀಗಾಗಿ ನೀಲಿಯನ್ನು ಹುಡುಕಿಕೊಂಡು ಹೊರಟೆ.

ಸಿಕ್ಕ ಮೊದಲ ಸೀಸೆ ದ್ರವದ ನೀಲಿ, ಪ್ರಷ್ಯನ್ ನೀಲಿಯಿಂದ ಮಾಡಿದ್ದು. ಅದರಲ್ಲಿ ಕಬ್ಬಿಣವಿದೆ, ಬಟ್ಟೆಯಲ್ಲಿ ಸೋಡಾ ಉಳಿದಿದ್ದರೆ ಅದು ಒಡೆದು ತುಕ್ಕಿನ ಕಲೆಯಾಗುತ್ತದೆ. ಎರಡು ಹಾಸಿಗೆಯ ಹೊದಿಕೆಗಳು ಕಂದು ಚುಕ್ಕೆಗಳಾದ ಮೇಲೆ ನನಗೆ ಇದು ತಿಳಿಯಿತು. ಆಮೇಲೆ ಅಲ್ಟ್ರಾಮರೀನ್ ಎಂಬ ನೀಲಿ ಬಣ್ಣದ ಪುಡಿಯ ಹಳೆಯ ದಾಸ್ತಾನು ಒಂದು ಕಡೆ ದೊರೆಯಿತು. ಅದು ನೀರಿನಲ್ಲಿ ಕರಗುವುದಿಲ್ಲ, ಕದಡಿ ತೇಲುತ್ತದೆ, ಆದ್ದರಿಂದ ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಿ, ಅಂಗೈಯಲ್ಲಿ ಎತ್ತಿದಾಗ ಆಕಾಶದ ಬಣ್ಣ ಕಾಣುವಷ್ಟಕ್ಕೆ ನಿಲ್ಲಿಸಬೇಕು, ಬಟ್ಟೆಯನ್ನು ಅದರಲ್ಲಿ ನೆನೆಯಲು ಬಿಡದೆ ಅದ್ದಿ ಆಡಿಸಿ ತೆಗೆಯಬೇಕು. ವಿನೆಗರಿಗೂ ಇದಕ್ಕೂ ಆಗಿಬರುವುದಿಲ್ಲ. ಎರಡು ಕೆಲಸವೂ ಒಂದೇ ನೀರಿನಲ್ಲಿ ಮುಗಿಯಲಿ ಎಂದು ಒಮ್ಮೆ ಸೇರಿಸಿ ನೋಡಿದೆ. ನೀಲಿ ಪೇಲವವಾಗುತ್ತ ಬಂತು, ಬೋಗುಣಿಯಿಂದ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಆಮ್ಲಕ್ಕೆ ಈ ಬಣ್ಣ ಒಡೆದು ಗಂಧಕದ ಅನಿಲವನ್ನು ಬಿಡುತ್ತದೆ. ಹಾಗಾಗಿ ವಿನೆಗರಿನ ವಾರ ನೀಲಿಯಿಲ್ಲ.

ಹಣದ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಾಲ್ವರ ಮನೆ, ವಾರಕ್ಕೆ ಐದು ಒಗೆತ. ಮೊದಲಿನ ಖರ್ಚನ್ನು 100 ಎಂದಿಟ್ಟುಕೊಂಡರೆ, ಮೊದಲ ವರ್ಷ ಹಾಳಾದ ಪಾತ್ರೆ, ಹೊದಿಕೆ, ಸೀಸೆ, ಟಾರ್ಚು ಎಲ್ಲ ಸೇರಿ 120ರ ಹತ್ತಿರ ಆಗಿತ್ತು. ಎರಡನೆಯ ವರ್ಷ 55 ಅಥವಾ 60. ಈಗ ಹುರಿಯುವ ಇಂಧನವನ್ನೂ ಸೇರಿಸಿ 40ಕ್ಕಿಂತ ಮೇಲೆ ಹೋಗುವುದಿಲ್ಲ. ವರ್ಷಕ್ಕೆ ಸುಮಾರು 12 ಕಿಲೋ ಅಡುಗೆ ಸೋಡಾ ಹಿಡಿಯುತ್ತದೆ, ಅದನ್ನು ಸಣ್ಣ ಪೊಟ್ಟಣಗಳಲ್ಲಿ ಕೊಂಡರೆ ಈ ಲೆಕ್ಕವೆಲ್ಲ ಕೆಟ್ಟುಹೋಗುತ್ತದೆ, ದೊಡ್ಡ ಚೀಲವೇ ಬೇಕು. ಸಾಬೂನಿನ ಅಗತ್ಯದಲ್ಲಿ ಕಾಲು ಪಾಲನ್ನು ಮಾತ್ರ ಸವೆದ ಚೂರುಗಳು ಪೂರೈಸುತ್ತವೆ, ಉಳಿದದ್ದಕ್ಕೆ ಬಿಲ್ಲೆಯನ್ನು ಕೊಳ್ಳಲೇಬೇಕು. ಚೂರಿನಲ್ಲಿಯೇ ಮನೆ ಒಗೆಯುತ್ತೇನೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಗಂಜಿಯನ್ನು ಮನೆಯಲ್ಲೇ ಕಾಯಿಸುವುದು ಸುಲಭವಾಗಿಯೇ ಕೈಗೂಡಿತು. ಪಿಷ್ಟದ ಪುಡಿಯನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಂಡರೆ ಗಂಟಾಗುವುದಿಲ್ಲ ಎಂಬುದಷ್ಟೇ ಅದರ ಗುಟ್ಟು. ನೀಲಿಗೆ ಮಾತ್ರ ಬದಲಿ ಸಿಕ್ಕಿಲ್ಲ. ಬರೆಯುವ ಶಾಯಿಯನ್ನು ಹನಿ ಹನಿಯಾಗಿ ಹಾಕಿ ನೋಡಿದೆ, ಅಂಗಿ ಚುಕ್ಕೆ ಚುಕ್ಕೆಯಾಯಿತು. ಚಿತ್ರ ಬರೆಯುವವರ ಒಣ ಅಲ್ಟ್ರಾಮರೀನ್ ಬಣ್ಣ ಅದೇ ಪದಾರ್ಥವಾದರೂ, ನಾನು ತಂದದ್ದು ನೀರಿನಲ್ಲಿ ಬೇಗ ತಳಕ್ಕಿಳಿದು ಮಡಿಕೆಗಳಲ್ಲಿ ಗೆರೆಯಾಗಿ ಕೂತಿತು. ಅದಕ್ಕೆ ಚಿಟಿಕೆ ಅಡುಗೆ ಸೋಡಾ ಸೇರಿಸಿ ನುಣ್ಣಗೆ ಅರೆದರೆ ಹೆಚ್ಚು ಹೊತ್ತು ತೇಲುತ್ತದೆಯೇ ಎಂದು ಕಳೆದ ತಿಂಗಳಿನಿಂದ ನೋಡುತ್ತಿದ್ದೇನೆ, ಮೂರು ಪ್ರಯತ್ನಗಳಲ್ಲಿ ಒಂದು ಪರವಾಗಿಲ್ಲ ಎನ್ನುವಂತೆ ಬಂದಿದೆ. ಹಳೆಯ ದಾಸ್ತಾನಿನ ಪೊಟ್ಟಣಗಳು ಇನ್ನು ನಾಲ್ಕು ಉಳಿದಿವೆ, ಬಿಳಿಯ ಬಟ್ಟೆಗೆ ಮಾತ್ರ ಬಳಸಿದರೆ ಒಂದೂವರೆ ವರ್ಷ ಬಂದಾವು.