ಗೋಮಾಳ ಉಳಿಸೋಕೆ ದನ ಎಣಿಸಿದ್ವಿ

ನಮ್ಮೂರ ಗೋಮಾಳದಲ್ಲಿ 12 ಎಕರೆ ಕಸ ವಿಲೇವಾರಿ ಘಟಕಕ್ಕೆ ಹೋಗುತ್ತೆ ಅಂತ ಗೊತ್ತಾಗಿದ್ದು ಪಂಚಾಯ್ತಿ ಗೋಡೆಗೆ ಅಂಟಿಸಿದ್ದ ನೋಟಿಸಿನಿಂದ. ಆಕ್ಷೇಪಣೆಗೆ 15 ದಿನ ಕೊಟ್ಟಿದ್ದರು. ನಾನು ಅದನ್ನು ಓದುವಾಗ ಆರು ದಿನ ಮುಗಿದಿತ್ತು.

ಮೊದಲ ಅರ್ಜಿ ನಾನೇ ಬರೆದೆ. ಗೋವು, ಹಸಿರು, ಅಜ್ಜನ ಕಾಲ ಎಲ್ಲ ಸೇರಿ ಎರಡು ಪುಟ. ಕೊಟ್ಟಿದ್ದಕ್ಕೆ ಸ್ವೀಕೃತಿ ಕೇಳಲಿಲ್ಲ. ಮೂರು ದಿನ ಬಿಟ್ಟು ವಿಚಾರಿಸಿದರೆ ಅಂಥ ಅರ್ಜಿಯೇ ಬಂದಿಲ್ಲ ಅಂದರು.

ಆಮೇಲೆ ಪರಿಚಯದ ವಕೀಲರೊಬ್ಬರು ದಾರಿ ತೋರಿಸಿದರು. ಕರ್ನಾಟಕ ಭೂ ಕಂದಾಯ ನಿಯಮಗಳು, 1966. ಅದರ 97ನೇ ನಿಯಮದ ಪ್ರಕಾರ ಊರಿನ 100 ದನಕ್ಕೆ 12 ಹೆಕ್ಟೇರ್ ಗೋಮಾಳ ಇರಬೇಕು. ಹಾಗಾದರೆ ನಮ್ಮೂರಲ್ಲಿ ದನ ಎಷ್ಟು? ಯಾರಿಗೂ ಗೊತ್ತಿರಲಿಲ್ಲ.

ಎರಡು ದಿನ, ದನ ಮೇಯೋಕೆ ಹೋಗುವ ಮುಂಚೆ, ಮೂರು ಜನ ಕೊಟ್ಟಿಗೆ ಕೊಟ್ಟಿಗೆ ಸುತ್ತಿದೆವು. ಬರೀ ಲೆಕ್ಕ ಬರೆದರೆ ಸುಳ್ಳು ಅಂದುಬಿಡ್ತಾರೆ. ಅದಕ್ಕೇ ಪ್ರತಿ ದನದ ಗುರುತಿಗೆ ಸರ್ಕಾರದಿಂದ ಕಿವಿಗೆ ಹಾಕುವ ಹಳದಿ ಓಲೆಯ 12 ಅಂಕಿಯ ನಂಬರನ್ನೂ ಬರೆದುಕೊಂಡೆವು. ಕೆಲವು ಓಲೆಗೆ ಸಗಣಿ ಮೆತ್ತಿತ್ತು, ಒರೆಸಿ ಓದಬೇಕಾಯ್ತು. ಒಂದು ಎಮ್ಮೆ ತಲೆ ಒದರಿದ ರಭಸಕ್ಕೆ ನನ್ನ ಕನ್ನಡಕ ಗೊಂತಿಗೆ ಬಿತ್ತು. ಅಜ್ಜಿಯೊಬ್ಬರು ಎಷ್ಟು ಕೇಳಿದರೂ ಸಂಖ್ಯೆ ಹೇಳಲಿಲ್ಲ. "ಬಾಯಲ್ಲಿ ಹೇಳಿದ್ರೆ ದೃಷ್ಟಿ ಆಗ್ತದೆ ಕಣಪ್ಪಾ, ನೀನೇ ನೋಡ್ಕೊ" ಅಂತ ಬಾಗಿಲು ತೆಗೆದರು.

ಒಟ್ಟು 286. ಅಂದರೆ 34 ಹೆಕ್ಟೇರಿಗೂ ಜಾಸ್ತಿ, ಸುಮಾರು 85 ಎಕರೆ ಬೇಕು. ಪಹಣಿಯಲ್ಲಿ ಇದ್ದದ್ದು 61. ಈಗಲೇ ಸಾಲದು!

ಎರಡನೇ ಅರ್ಜಿ ಒಂದೇ ಪುಟ. ಜೊತೆಗೆ ಪಹಣಿ, ಗ್ರಾಮ ನಕ್ಷೆ, ಓಲೆ ನಂಬರಿನ ಪಟ್ಟಿ. ಗೋಮಾಳವನ್ನು ಬೇರೆ ಕೆಲಸಕ್ಕೆ ಬಳಸೋಕೆ ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಮಂಜೂರಾತಿ ಬೇಕು. ಹಾಗಾಗಿ ಅವರಿಗೂ ಒಂದು ಪ್ರತಿ ಕೊಟ್ಟೆ. ಈ ಸಲ ನನ್ನ ಪ್ರತಿಗೆ ಸೀಲು ಬೀಳುವ ತನಕ ಕಿಟಕಿ ಬಿಟ್ಟು ಕದಲಲಿಲ್ಲ.

ಕಸದ ಘಟಕವೇ ಬೇಡ ಅಂತ ನಾವು ಬರೆಯಲಿಲ್ಲ. ನಮ್ಮ ಕಸವೂ ಎಲ್ಲಾದರೂ ಹೋಗಲೇಬೇಕು ಅಲ್ವಾ? ಹಳೇ ಕಲ್ಲುಕ್ವಾರಿಯ ಸರ್ವೆ ನಂಬರ್ ಸೂಚಿಸಿದೆವು. ಈ ಸಾಲಿಗೆ ಊರಲ್ಲೇ ಜಗಳ ಆಯ್ತು, ಅದು ಬೇರೆ ಕಥೆ.

ಆಮೇಲೆ ಮಾಹಿತಿ ಹಕ್ಕಿನಲ್ಲಿ ಸ್ಥಳ ತನಿಖೆ ವರದಿ ತೆಗೆಸಿದೆ. "ಸದರಿ ಜಮೀನು ಖಾಲಿ ಇರುತ್ತದೆ" ಅಂತ ಇತ್ತು. ಬೆಳಗ್ಗೆ ಹತ್ತೂವರೆಗೆ, ದನ ಮೇಯುವ ಹೊತ್ತಿಗೇ ಮರು ತನಿಖೆ ಮಾಡಿ ಅಂತ ಕೇಳಿಕೊಂಡೆವು. ಬಂದರು, ನೋಡಿದರು, ಮಹಜರಿಗೆ ನಮ್ಮ ಸಹಿಯನ್ನೂ ಹಾಕಿಸಿಕೊಂಡರು.

ಕಡತ ಈಗ ಜಿಲ್ಲಾಧಿಕಾರಿ ಕಚೇರಿಯಲ್ಲಿದೆ. ನಾಲ್ಕು ತಿಂಗಳಾಯ್ತು. ಈ ಮಧ್ಯೆ ಊರಲ್ಲಿ ಏಳು ಕರು ಹುಟ್ಟಿವೆ. ಅವಕ್ಕೂ ಓಲೆ ಹಾಕಿಸಿ ಪಟ್ಟಿಗೆ ಸೇರಿಸಬೇಕು.