ಪ್ಯೂರಿಟನ್ ಪ್ರವಚನದ ಭಾವತಂತ್ರವನ್ನು ಓದುವ ಬಗೆ

ಪ್ಯೂರಿಟನ್ನರ (ಹದಿನಾರು-ಹದಿನೇಳನೆಯ ಶತಮಾನಗಳ ಕಟ್ಟುನಿಟ್ಟಿನ ಇಂಗ್ಲಿಷ್ ಪ್ರಾಟೆಸ್ಟಂಟ್ ಕ್ರೈಸ್ತರು; ಇವರಲ್ಲಿ ಹಲವರು ಅಮೆರಿಕದಲ್ಲಿ ನೆಲೆಸಿದರು) ಪ್ರವಚನವೊಂದನ್ನು ವಿಶ್ಲೇಷಿಸಲು ಹೊರಟವರು ಮೊದಲು ಅದರ ಚೌಕಟ್ಟನ್ನು ಗುರುತಿಸಿಕೊಳ್ಳಬೇಕು: ಬೈಬಲ್ಲಿನ ಒಂದು ವಚನ, ಅದರಿಂದ ಹೊರಡಿಸಿದ ಸಿದ್ಧಾಂತ, ಕೊನೆಗೆ ಕೇಳುಗರ ಬದುಕಿಗೆ ಅದರ ಅನ್ವಯ. ಭಾವಾವೇಶದ ಮಾತು ಹೆಚ್ಚಾಗಿ ಈ ಮೂರನೆಯ ಭಾಗದಲ್ಲಿರುತ್ತದೆ.

ಅಮೆರಿಕದ ಪಾದ್ರಿ ಜೊನಾಥನ್ ಎಡ್ವರ್ಡ್ಸ್ 1741ರ ಜುಲೈ 8ರಂದು ಇಂದಿನ ಕನೆಕ್ಟಿಕಟ್ ರಾಜ್ಯದ ಎನ್‌ಫೀಲ್ಡ್‌ನಲ್ಲಿ ನೀಡಿದ ಪ್ರಸಿದ್ಧ ಪ್ರವಚನ ‘ಸಿನ್ನರ್ಸ್ ಇನ್ ದ ಹ್ಯಾಂಡ್ಸ್ ಆಫ್ ಆ್ಯನ್ ಆ್ಯಂಗ್ರಿ ಗಾಡ್’ (ಕೋಪಗೊಂಡ ದೇವರ ಕೈಯಲ್ಲಿ ಪಾಪಿಗಳು) ಅನ್ನೇ ತೆಗೆದುಕೊಳ್ಳಿ. ಕಾಲಮಾನದಲ್ಲಿ ಅದು ತಡವಾದದ್ದಾದರೂ ಪರಂಪರೆ ಅದೇ. ಅಲ್ಲಿ ಸರ್ವನಾಮಗಳ ಕೆಳಗೆ ಗೆರೆ ಎಳೆಯುತ್ತ ಹೋದರೆ, ಆರಂಭದಲ್ಲಿ ‘ಅವರು’ ಎಂದು ದೂರದಲ್ಲಿದ್ದ ಪಾಪಿಗಳು ಅನ್ವಯದ ಭಾಗಕ್ಕೆ ಬರುತ್ತಿದ್ದಂತೆ ‘ನೀವು’ ಆಗಿಬಿಡುವುದು ಕಾಣುತ್ತದೆ. ಬಳಿಕ ಚಿತ್ರಗಳನ್ನು ನೋಡಿ. ಬೆಂಕಿಯ ಮೇಲೆ ಹಿಡಿದ ಜೇಡ, ಬಾಗಿಸಿ ಬಾಣ ಹೂಡಿದ ಬಿಲ್ಲು, ಅಣೆಕಟ್ಟಿನ ಹಿಂದೆ ಏರುತ್ತಿರುವ ನೀರು: ಮೂರರಲ್ಲೂ ಅನಾಹುತ ಇನ್ನೂ ನಡೆದಿಲ್ಲ, ದೇವರ ಇಚ್ಛೆಯೊಂದೇ ಅದನ್ನು ತಡೆದು ನಿಲ್ಲಿಸಿದೆ. ನನ್ನ ದೃಷ್ಟಿಯಲ್ಲಿ ನಿಜವಾದ ಭಯ ಹುಟ್ಟುವುದು ನರಕದ ವರ್ಣನೆಯಿಂದಲ್ಲ, ಈ ತಡೆಯಿಂದ. ಸಭೆಯಲ್ಲಿ ಎದ್ದ ಆಕ್ರಂದನದಿಂದ ಬೋಧಕರು ಮಾತು ನಿಲ್ಲಿಸಬೇಕಾಯಿತೆಂದು ಅಲ್ಲಿದ್ದ ಪಾದ್ರಿ ಸ್ಟೀಫನ್ ವಿಲಿಯಮ್ಸ್ ದಿನಚರಿಯಲ್ಲಿ ಬರೆದಿದ್ದಾರೆ.

‘ಹೆದರಿಸುತ್ತಾರೆ’ ಎಂದಷ್ಟೇ ಬರೆದು ವಿಶ್ಲೇಷಣೆ ಮುಗಿಸಬೇಡಿ. ಕೊನೆಯಲ್ಲಿ ಕ್ರಿಸ್ತನು ಕರುಣೆಯ ಬಾಗಿಲನ್ನು ತೆರೆದಿದ್ದಾನೆಂಬ ಆಹ್ವಾನ ಎಲ್ಲಿ ಬರುತ್ತದೆ, ಅದಕ್ಕೆ ಎಷ್ಟು ಕಡಿಮೆ ಜಾಗ ಸಿಕ್ಕಿದೆ ಎಂಬುದನ್ನೂ ಉದ್ಧರಣೆಯೊಂದಿಗೆ ತೋರಿಸಿ.