ಪುಟ್ಟ ತಡೆಗೋಡೆ ಹಿಡಿದು ರಿವ್ಯೂ ಪಾಸಾದ ನನ್ನ ಅನುಭವ

ನಾನು ಮಣ್ಣು, ಅಡಿಪಾಯಗಳ ಎಂಜಿನಿಯರ್. ಎರಡನೇ ಸಲಕ್ಕೆ ನನ್ನ ಪ್ರೊಫೆಷನಲ್ ರಿವ್ಯೂ, ಅಂದರೆ ಮಾಡಿದ ಕೆಲಸದ ವರದಿ ಹಿಡಿದು ಎದುರಿಸುವ ಅರ್ಹತಾ ಸಂದರ್ಶನ, ಪಾಸಾಯಿತು. ಪೈಲ್ (ನೆಲದಾಳಕ್ಕೆ ಇಳಿಸುವ ಅಡಿಪಾಯದ ಕಂಬ) ಪ್ರಾಜೆಕ್ಟ್‌ಗಳನ್ನೆಲ್ಲ ಬಿಟ್ಟು ಮೂರೂವರೆ ಮೀಟರಿನ ತಡೆಗೋಡೆಯೊಂದನ್ನೇ ಹಿಡಿದು ಹೋಗುತ್ತೇನೆ ಎಂದಾಗ ಸೀನಿಯರ್‌ಗಳು, 'ಇಷ್ಟು ಚಿಕ್ಕ ಕೆಲಸಕ್ಕೆ ಯಾರು ಪಾಸ್ ಮಾಡ್ತಾರಪ್ಪ' ಅಂದಿದ್ದರು. ಮಾಡಿದರು.

ಮೊದಲ ಸಲದ ವರದಿಯುದ್ದಕ್ಕೂ ದೊಡ್ಡ ಪ್ರಾಜೆಕ್ಟ್‌ಗಳು, ಸಾಲುಸಾಲಿಗೂ 'ನಾವು'. ಜೇಡಿಮಣ್ಣಿಗೆ ಅನ್‌ಡ್ರೇನ್ಡ್ ಸ್ಟ್ರೆಂತ್ (ಒಳಗಿನ ನೀರು ಹೊರಹೋಗುವ ಮುನ್ನ ಮಣ್ಣಿಗಿರುವ ಬಲ) 60 ಕಿಲೋಪ್ಯಾಸ್ಕಲ್ ಯಾಕೆ ಹಿಡಿದಿರಿ ಎಂದು ರಿವ್ಯೂ ಮಾಡುವವರು ಕೇಳಿದರು. 'ಲ್ಯಾಬ್ ರಿಪೋರ್ಟಿನಲ್ಲಿತ್ತು' ಅಂದೆ. 'ಸ್ಯಾಂಪಲ್ ಡಿಸ್ಟರ್ಬ್ ಆಗಿರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?' ನನ್ನಲ್ಲಿ ಉತ್ತರವಿರಲಿಲ್ಲ. ಶುಲ್ಕ, ಕೋಚಿಂಗ್, ಸಂಬಳವಿಲ್ಲದ ರಜೆ ಸೇರಿ ಹೆಚ್ಚುಕಡಿಮೆ ಒಂದೂವರೆ ತಿಂಗಳ ಸಂಬಳ ಹೋಯಿತು. ಕೋಚಿಂಗ್‌ಗೆ ಕೊಟ್ಟ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಲ್ಲಿ ಮಾಡಿಸಿದ್ದು ಮಾದರಿ ಉತ್ತರಗಳ ಬಾಯಿಪಾಠ.

ಆಮೇಲೆ ತೀರ್ಮಾನಗಳ ಡೈರಿ ಶುರುಮಾಡಿದೆ. ಎಂಟು ತಿಂಗಳಲ್ಲಿ ನಲವತ್ತು ಚಿಲ್ಲರೆ ಪುಟ. ನಾನು ಏನು ತೀರ್ಮಾನಿಸಿದೆ, ಬೇರೆ ದಾರಿ ಏನಿತ್ತು, ತಪ್ಪಾಗಿದ್ದರೆ ಮೊದಲು ಎಲ್ಲಿ ಕಾಣುತ್ತಿತ್ತು, ಇಷ್ಟೇ. ತಡೆಗೋಡೆಯ ಒಂದು ಬೋರ್‌ಹೋಲಿನಲ್ಲಿ ಎಸ್‌ಪಿಟಿ ಎನ್ ಬೆಲೆ 9ರಿಂದ 34ಕ್ಕೆ ಹಾರಿತ್ತು. ಸ್ಪೂನ್ ಎಂಬ ಕೊಳವೆಯನ್ನು ಸುತ್ತಿಗೆಯಿಂದ ಹೊಡೆದು ಮಣ್ಣಿಗಿಳಿಸುವ ಪರೀಕ್ಷೆ ಇದು; ಕೊನೆಯ ಎರಡು 150 ಮಿ.ಮೀ.ಗೆ ಬಿದ್ದ ಹೊಡೆತಗಳ ಮೊತ್ತವೇ ಎನ್, ಹೆಚ್ಚಿದ್ದಷ್ಟೂ ಮಣ್ಣು ಗಟ್ಟಿ. ಡ್ರಿಲ್ಲರ್‌ನ ಹಾಳೆ ತರಿಸಿದೆ: ಮೂರು 150 ಮಿ.ಮೀ.ಗೆ ಹೊಡೆತ 4, 6, 28. ಕೊನೆಯಲ್ಲಿ ಸ್ಪೂನ್ ಕಲ್ಲಿಗೆ ತಾಗಿದೆ ಎಂದು ನಿರ್ಧರಿಸಿ ಆ 34 ಕೈಬಿಟ್ಟೆ. ಗೋಡೆಯ ಬುಡ ಮೊದಲಿಗಿಂತ ಅರ್ಧ ಮೀಟರ್ ಹೆಚ್ಚು ಅಗಲವಾಯಿತು, ಕ್ಲೈಂಟ್ ಮುನಿಸಿಕೊಂಡರು. ಪಕ್ಕದಲ್ಲಿ ಇನ್ನೊಂದು ಬೋರ್‌ಹೋಲ್ ಕೊರೆಸಿದಾಗ ಅದೇ ಆಳದಲ್ಲಿ 11 ಬಂತು. ರಿವ್ಯೂನಲ್ಲಿ ಇದೊಂದರ ಮೇಲೇ ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದರು, ಒಂದಕ್ಕೂ ತಡವರಿಸಲಿಲ್ಲ.

ನಡುವೆ ಇನ್ನೊಂದು ಪ್ರಯೋಗ. ತಳಕ್ಕೆ ನಳಿಗೆ ಸಿಕ್ಕಿಸಿದ ಬಾಟಲಿಗೆ ಮರಳು ತುಂಬಿ ಕೆಳಗಿನಿಂದ ನೀರು ಬಿಟ್ಟೆ. ಹೈಡ್ರಾಲಿಕ್ ಗ್ರೇಡಿಯೆಂಟ್ (ನೀರಿನ ಮಟ್ಟದ ವ್ಯತ್ಯಾಸವನ್ನು ಅದು ಮರಳಿನಲ್ಲಿ ಸಾಗುವ ದೂರದಿಂದ ಭಾಗಿಸಿದ್ದು) 1ರ ಹತ್ತಿರ ಬರುತ್ತಿದ್ದಂತೆ ಮರಳು ಕುದಿಯುವಂತೆ ಉಕ್ಕಿತು, ಮೇಲಿಟ್ಟ ನಟ್ಟು ಮುಳುಗಿತು. ಪುಸ್ತಕದಲ್ಲಿ ಹತ್ತು ಸಲ ಓದಿದ್ದು ಅಂದು ಕೈಗೆ ಸಿಕ್ಕಿತು. ಎನ್ ಬೆಲೆಗಳ ಚೀಟಿ ಮಾಡಿ ಉರುಹೊಡೆದದ್ದು ಮಾತ್ರ ದಂಡ.

ಅಣಕು ಸಂದರ್ಶನಕ್ಕೆ ಲೆಕ್ಕಪತ್ರದ ಕೆಲಸದ ಗೆಳತಿಯನ್ನು ಕೂರಿಸಿದೆ. ಅವಳಷ್ಟು 'ಯಾಕೆ' ನಮ್ಮವರು ಕೇಳುವುದಿಲ್ಲ. ಪ್ರೆಸೆಂಟೇಶನ್ನಿನ ಮೊದಲ ಚಿತ್ರ ಯಾವುದು ಎನ್ನುವುದನ್ನು ಇಲ್ಲಿ ಬಿಚ್ಚಿಡಲಾರೆ, ನನ್ನ ಜೂನಿಯರ್ ಇಬ್ಬರಿಗೆಂದು ಇಟ್ಟುಕೊಂಡಿದ್ದೇನೆ.

'ಗೋಡೆ ವಾಲತೊಡಗಿದರೆ?' ಎಂದದ್ದು ಕೊನೆಯ ಪ್ರಶ್ನೆ. ಸಂಭವಿಸಬಹುದಾದ ಪ್ರತಿ ಏರುಪೇರಿಗೂ ಕ್ರಮವನ್ನು ಮೊದಲೇ ಗೊತ್ತುಮಾಡಿರಬೇಕು ಎಂದು ಮಣ್ಣಿನ ಎಂಜಿನಿಯರಿಂಗ್‌ನ ಹಿರಿಯ ರಾಲ್ಫ್ ಪೆಕ್ 1969ರ ರ‍್ಯಾಂಕಿನ್ ಉಪನ್ಯಾಸದಲ್ಲಿ ಹೇಳಿದ್ದರು. ಡೈರಿಯ ಪುಟ ತೆರೆದೆ: ಗೋಡೆ 10 ಮಿ.ಮೀ. ವಾಲಿದರೆ ಮಣ್ಣು ತುಂಬುವುದನ್ನು ನಿಲ್ಲಿಸುವುದು, 20ಕ್ಕೆ ಗೋಡೆಯ ಹಿಂಬದಿಯ ಮಣ್ಣು ತೆಗೆಸುವುದು. ತಾರೀಖು ಗೋಡೆ ಕಟ್ಟುವ ಮೂರು ವಾರ ಮುಂಚಿನದು.